ಜಪಾನಿ ಓನಾಮ: ಅರ್ಧ ಮೊಬೈಲು, ಅರ್ಧ ಮೇಷ್ಟ್ರು

2024ರ ಜನವರಿ 1. ಜಪಾನಿನಲ್ಲಿ ಹೊಸ ವರ್ಷದ ಹಬ್ಬ. ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನೋತೊ ಪರ್ಯಾಯ ದ್ವೀಪ ನಡುಗಿತು. ಭೂಕಂಪದ ತೀವ್ರತೆ 7.6. ಸ್ವಲ್ಪ ಹೊತ್ತಿನಲ್ಲೇ ಎನ್‌ಎಚ್‌ಕೆ ದೂರದರ್ಶನದ ಪರದೆಯ ಮೇಲೆ ದೊಡ್ಡದಾಗಿ ಎರಡು ಪದಗಳು ಮೂಡಿದವು: ‘ತ್ಸುನಾಮಿ! ನಿಗೆತೆ!’ ಅಂದರೆ ಸುನಾಮಿ ಬರುತ್ತಿದೆ, ಓಡಿ!

ಸಾಮಾನ್ಯವಾಗಿ ಜಪಾನಿನ ಪತ್ರಿಕೆಗಳೂ ದೂರದರ್ಶನವೂ ಇಂಥ ಪದಗಳನ್ನು ಚೀನೀ ಮೂಲದ ಚಿತ್ರಲಿಪಿಯಾದ ಕಾಂಜಿಯಲ್ಲಿ ಬರೆಯುತ್ತವೆ. ಆದರೆ ಅಂದು ಪರದೆಯ ಮೇಲೆ ಬಂದದ್ದು ಹಿರಾಗಾನ. ಜಪಾನಿ ಮಕ್ಕಳು ಮೊದಲು ಕಲಿಯುವ ಲಿಪಿ. ಕಾಂಜಿ ಬಾರದ ಪುಟ್ಟ ಮಕ್ಕಳೂ, ಭಾಷೆ ಪೂರ್ತಿ ಬಾರದ ಪರದೇಶದವರೂ ತಕ್ಷಣ ಓದಿಕೊಳ್ಳಲಿ ಎಂಬುದು ಉದ್ದೇಶ. ತ್ಸು, ನಾ, ಮಿ. ನಿ, ಗೆ, ತೆ. ಒಟ್ಟು ಆರು ಅಕ್ಷರ.

ಈ ಎಚ್ಚರ ಜಪಾನಿಗೆ ಸುಮ್ಮನೆ ಬಂದದ್ದಲ್ಲ. 1995ರ ಜನವರಿ 17ರಂದು ಕೋಬೆ ನಗರ ಭೂಕಂಪಕ್ಕೆ ಕುಸಿದಾಗ ಅಲ್ಲಿದ್ದ ವಿದೇಶೀಯರಲ್ಲಿ ಅನೇಕರಿಗೆ ನೀರು ಎಲ್ಲಿ ಸಿಗುತ್ತದೆ, ಆಶ್ರಯ ಎಲ್ಲಿದೆ ಎಂಬ ಪ್ರಕಟಣೆಗಳೇ ಅರ್ಥವಾಗಲಿಲ್ಲ. ಆ ಕಹಿ ಅನುಭವದ ನಂತರ ಭಾಷಾವಿಜ್ಞಾನಿಗಳು ‘ಯಾಸಾಶಿಯಿ ನಿಹೋಂಗೊ’, ಅಂದರೆ ‘ಸರಳ ಜಪಾನಿ’ ಎಂಬ ಕ್ರಮವನ್ನು ರೂಪಿಸಿದರು. ಚಿಕ್ಕ ವಾಕ್ಯ, ಸುಲಭ ಪದ, ಕಾಂಜಿಯ ನೆತ್ತಿಯ ಮೇಲೆ ಓದಲು ಅನುಕೂಲವಾಗುವಂತೆ ಪುಟ್ಟ ಹಿರಾಗಾನ.

ಆದರೆ ಈ ಉಪಕಾರ ಫಲಿಸಬೇಕಾದರೆ ಒಂದು ಷರತ್ತಿದೆ. ಓದುವವನಿಗೆ ಹಿರಾಗಾನವಾದರೂ ಬರಬೇಕು! 2024ರ ಕೊನೆಯ ಹೊತ್ತಿಗೆ ಜಪಾನಿನಲ್ಲಿ ನೆಲೆಸಿದ್ದ ವಿದೇಶೀಯರು 37 ಲಕ್ಷಕ್ಕೂ ಹೆಚ್ಚು. ಜಪಾನ್ ಫೌಂಡೇಶನ್ 2021ರಲ್ಲಿ ನಡೆಸಿದ ಸಮೀಕ್ಷೆಯಂತೆ ಹೊರದೇಶಗಳಲ್ಲಿ ಜಪಾನಿ ಕಲಿಯುತ್ತಿದ್ದವರು ಸುಮಾರು 38 ಲಕ್ಷ. ಇವರೆಲ್ಲರೂ ಹಾದುಹೋಗಬೇಕಾದ ಮೊದಲ ಹೊಸ್ತಿಲು ಈ ಅಕ್ಷರಗಳೇ. ಎಡವುವವರು ಎಡವುವುದೂ ಬಹುಪಾಲು ಇಲ್ಲಿಯೇ.

ಕಾಗುಣಿತವಿಲ್ಲದ ವರ್ಣಮಾಲೆ

ಜಪಾನಿ ಬರವಣಿಗೆಯಲ್ಲಿ ಮೂರು ಲಿಪಿಗಳು ಒಂದೇ ಸಾಲಿನಲ್ಲಿ ಬೆರೆತಿರುತ್ತವೆ. ಅರ್ಥವನ್ನು ಹೊರುವ ಕಾಂಜಿ ಒಂದು. ಉಚ್ಚಾರಣೆಯನ್ನು ಹೊರುವ ಹಿರಾಗಾನ ಮತ್ತು ಕಾತಾಕಾನ ಇನ್ನೆರಡು. ಈ ಎರಡಕ್ಕೂ ಸೇರಿ ‘ಕಾನ’ ಎಂದು ಹೆಸರು. ಇಂದಿನ ಬಳಕೆಯಲ್ಲಿ ಒಂದೊಂದರಲ್ಲೂ 46 ಮೂಲ ಅಕ್ಷರಗಳಿವೆ. ಹಿರಾಗಾನ ಬಳ್ಳಿಯಂತೆ ಬಳುಕುತ್ತದೆ. ದೇಶೀ ಪದಗಳಿಗೂ ವಿಭಕ್ತಿ ಪ್ರತ್ಯಯಗಳಿಗೂ ಅದೇ ಬೇಕು. ಕಾತಾಕಾನ ಕಡ್ಡಿ ಜೋಡಿಸಿದಂತೆ ಕೋನಕೋನವಾಗಿದೆ. ಹೊರಗಿನಿಂದ ಬಂದ ಪದಗಳಿಗೂ ವಿದೇಶೀಯರ ಹೆಸರುಗಳಿಗೂ ಅದು ಮೀಸಲು. ಕಾಫಿ, ಬಸ್ಸು, ಹೋಟೆಲು ಎಲ್ಲವೂ ಅಲ್ಲಿ ಕಾತಾಕಾನದ ಅಂಗಿ ತೊಟ್ಟೇ ಬರುತ್ತವೆ. ಬ್ರೆಡ್ಡಿಗೆ ಜಪಾನಿನಲ್ಲಿ ‘ಪಾನ್’ ಎನ್ನುತ್ತಾರೆ. ನಮ್ಮ ಕರಾವಳಿಗೆ ‘ಪಾವ್’ ತಂದುಕೊಟ್ಟ ಪೋರ್ಚುಗೀಸರೇ ಅಲ್ಲಿಗೂ ಆ ಪದವನ್ನು ಮುಟ್ಟಿಸಿದವರು.

ಕನ್ನಡಿಗನೊಬ್ಬ ಕಾನ ಕೋಷ್ಟಕವನ್ನು ಮೊದಲ ಸಲ ನೋಡಿದರೆ ಹಳೆಯ ನೆಂಟನನ್ನು ಕಂಡ ಹಾಗಾಗುತ್ತದೆ. ಮೊದಲು ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಇದು ನಮ್ಮ ವರ್ಣಮಾಲೆಯ ಓಟವೇ! ಇದಕ್ಕೆ ಕಾರಣ ಬೌದ್ಧ ಧರ್ಮ. ಭಾರತದಿಂದ ಹೋದ ಭಿಕ್ಷು ಬೋಧಿಸೇನ 736ರಲ್ಲಿ ಜಪಾನ್ ಮುಟ್ಟಿ, 752ರಲ್ಲಿ ನಾರಾದ ತೋದಾಯ್‌ಜಿ ದೇವಾಲಯದ ಮಹಾಬುದ್ಧನಿಗೆ ನೇತ್ರೋನ್ಮೀಲನ ಮಾಡಿದ. ಮುಂದೆ ಜಪಾನಿ ಸನ್ಯಾಸಿ ಕೂಕಾಯ್ ಚೀನಕ್ಕೆ ಹೋಗಿ, ಸಂಸ್ಕೃತವನ್ನು ಬರೆಯುವ ಸಿದ್ಧಂ ಲಿಪಿಯನ್ನು ಕಲಿತು 806ರಲ್ಲಿ ಮರಳಿದ. ಸಂಸ್ಕೃತ ಮಂತ್ರಗಳನ್ನು ಶುದ್ಧವಾಗಿ ಉಚ್ಚರಿಸುವ ಹಂಬಲದಿಂದ ಬೆಳೆದ ಈ ಅಧ್ಯಯನದ ಫಲವಾಗಿ ಜಪಾನಿ ಧ್ವನಿಗಳು ಭಾರತೀಯ ಕ್ರಮದಲ್ಲಿ ಸಾಲುಗೂಡಿದವು. ಈ ಜೋಡಣೆಗೆ ‘ಗೊಜೂಓನ್’, ಅಂದರೆ ‘ಐವತ್ತು ಧ್ವನಿ’ ಎಂದು ಹೆಸರು.

ಇಲ್ಲೊಂದು ಸ್ವಾರಸ್ಯವಿದೆ. ನ ಮತ್ತು ಮ ನಡುವೆ ನಮ್ಮಲ್ಲಿರುವುದು ಪ. ಅಲ್ಲಿರುವುದು ಹ. ಹಳೆಯ ಜಪಾನಿಯಲ್ಲಿ ಆ ಧ್ವನಿ ಪ ಆಗಿತ್ತು, ಕಾಲಕ್ರಮದಲ್ಲಿ ಹ ಆಯಿತು ಎನ್ನುತ್ತಾರೆ ವಿದ್ವಾಂಸರು. ಹಳಗನ್ನಡದ ಪಾಲು ಹಾಲಾಗಿ, ಪುಲಿ ಹುಲಿಯಾಗಿ, ಪೂ ಹೂವಾದುದನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನೆಂಟಸ್ತಿಕೆ ಇಲ್ಲಿಗೆ ಮುಗಿಯುತ್ತದೆ. ಕನ್ನಡದಲ್ಲಿ ಕ ಬಂದರೆ ಕಿ, ಕು, ಕೆ, ಕೊ ಬಂದಂತೆಯೇ. ಕಾಗುಣಿತದ ಚಿಹ್ನೆ ಸೇರಿಸಿದರಾಯಿತು. ಕಾನದಲ್ಲಿ ಕಾಗುಣಿತವೇ ಇಲ್ಲ. ಕ ಒಂದು ಆಕಾರ, ಕಿ ಮತ್ತೊಂದು, ಕು ಮಗದೊಂದು. ಒಂದಕ್ಕೊಂದು ಸಂಬಂಧವಿಲ್ಲ. ತರ್ಕದಿಂದ ಹತ್ತುವ ಮೆಟ್ಟಿಲುಗಳಿಲ್ಲದ ಮೇಲೆ ನೆನಪಿನಿಂದಲೇ ಗೋಡೆ ಏರಬೇಕು. ದೊಡ್ಡವರಿಗೆ ಕಷ್ಟವಾಗುವುದು ಇದೇ.

ಮೇಷ್ಟ್ರೊಬ್ಬರೇ ಸಾಲರು, ಮೊಬೈಲೊಂದೇ ಸಾಲದು

ಜಪಾನಿ ತರಗತಿಗಳಲ್ಲಿ ಬಹುಕಾಲದಿಂದ ಎರಡು ಪದ್ಧತಿಗಳು ಕಾಣುತ್ತವೆ. ಒಂದು, ಮೊದಲ ವಾರವೇ ಕಾನ ಪೂರ್ತಿ ಸುರಿದು ಎರಡನೇ ವಾರಕ್ಕೆ ವ್ಯಾಕರಣ ಹಿಡಿಯುವುದು. ಹಿಂದುಳಿದವರು ಹಿಂದೆಯೇ ಉಳಿಯುತ್ತಾರೆ. ಇನ್ನೊಂದು, ಇಂಗ್ಲಿಷ್ ಅಕ್ಷರಗಳಲ್ಲಿ ಜಪಾನಿ ಬರೆಯುವ ‘ರೋಮಾಜಿ’ಯನ್ನು ಊರುಗೋಲಾಗಿ ಕೊಡುವುದು. ಊರುಗೋಲು ಹಿಡಿದವರು ಅದನ್ನು ಬಿಡುವುದೇ ಇಲ್ಲ. ಟೋಕಿಯೊದ ರೈಲು ನಿಲ್ದಾಣದಲ್ಲಿ ರೋಮಾಜಿ ಸಿಗಬಹುದು. ಹಳ್ಳಿಯ ಔಷಧಿ ಅಂಗಡಿಯಲ್ಲಿ, ಮಗುವಿನ ಶಾಲೆಯಿಂದ ಬಂದ ಚೀಟಿಯಲ್ಲಿ ಸಿಗುವುದಿಲ್ಲ.

ಮೊಬೈಲು ಎಲ್ಲರ ಕೈಗೆ ಬಂದ ಮೇಲೆ ಮೂರನೆಯ ಪದ್ಧತಿಯೂ ಸೇರಿತು. ‘ಕಾನವನ್ನು ಆ್ಯಪ್‌ನಲ್ಲಿ ಮನೆಯಲ್ಲೇ ಕಲಿತುಕೊಂಡು ಬನ್ನಿ’ ಎಂದು ಕೈತೊಳೆದುಕೊಳ್ಳುವುದು. ಹೀಗೆ ಕಲಿತವರು ಪರದೆಯ ಮೇಲಿನ ಅಕ್ಷರವನ್ನು ಥಟ್ಟನೆ ಗುರುತಿಸುತ್ತಾರೆ. ಪೆನ್ನು ಕೊಟ್ಟರೆ ಕೈ ನಿಲ್ಲುತ್ತದೆ. ಕೈಬರಹದ ಚೀಟಿ ಕೊಟ್ಟರೆ ಕಣ್ಣೂ ನಿಲ್ಲುತ್ತದೆ. ಏಕೆಂದರೆ ‘ಕಿ’, ‘ಸ’ ಮುಂತಾದ ಅಕ್ಷರಗಳು ಅಚ್ಚಿನಲ್ಲಿ ಕೂಡಿಕೊಂಡಿರುತ್ತವೆ, ಕೈಬರಹದಲ್ಲಿ ಬಿಡಿಬಿಡಿಯಾಗಿರುತ್ತವೆ. ಆ್ಯಪ್ ಇದನ್ನು ಹೇಳಿರುವುದಿಲ್ಲ.

ಇವುಗಳ ನಡುವೆ ಹುಟ್ಟಿಕೊಂಡ ಹಾದಿಯೇ ‘ಬ್ಲೆಂಡೆಡ್ ಲರ್ನಿಂಗ್’. ಕನ್ನಡದಲ್ಲಿ ಮಿಶ್ರ ಕಲಿಕೆ ಎನ್ನಬಹುದು. ಯಂತ್ರಕ್ಕೆ ಯಾವ ಕೆಲಸ ಚೆನ್ನಾಗಿ ಬರುತ್ತದೋ ಅದನ್ನು ಯಂತ್ರಕ್ಕೆ ಬಿಡುವುದು, ಮನುಷ್ಯನಿಂದ ಮಾತ್ರ ಆಗುವುದನ್ನು ತರಗತಿಗೆ ಉಳಿಸಿಕೊಳ್ಳುವುದು. ಸೂತ್ರ ಇಷ್ಟೇ. ಆದರೆ ಯಾವುದು ಯಾರ ಕೆಲಸ ಎಂಬ ವಿಂಗಡಣೆಯಲ್ಲೇ ಇದರ ಗುಟ್ಟಿದೆ.

ಯಂತ್ರದ ಪಾಲು

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ನಡೆಸಿ, ಕಲಿತದ್ದು ಎಷ್ಟು ವೇಗವಾಗಿ ಮರೆಯುತ್ತದೆ ಎಂಬುದನ್ನು ತೋರಿಸಿದ. ಮರೆವಿಗೆ ಮದ್ದು ಒಂದೇ ದಿನ ನೂರು ಸಲ ಉರು ಹೊಡೆಯುವುದಲ್ಲ. ಇನ್ನೇನು ಮರೆಯಬೇಕು ಎನ್ನುವಷ್ಟರಲ್ಲಿ ಮತ್ತೆ ನೆನಪಿಸಿಕೊಳ್ಳುವುದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಇನ್ನೊಂದು ಮಾತು ಸೇರಿಸಿತು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಕೋಷ್ಟಕವನ್ನು ಗೋಡೆಗೆ ಅಂಟಿಸಿಕೊಂಡು ದಿಟ್ಟಿಸುವುದರಿಂದ ಕಾನ ಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಯಾವ ಅಕ್ಷರವನ್ನು ಯಾರು ಯಾವಾಗ ಮರೆಯುತ್ತಾರೆ ಎಂದು ಲೆಕ್ಕ ಇಡುವುದು ಮೂವತ್ತು ಮಕ್ಕಳ ಮೇಷ್ಟರಿಗೆ ಅಸಾಧ್ಯ. ಯಂತ್ರಕ್ಕೆ ಅದು ಲೀಲಾಜಾಲ. ಈ ಕೆಲಸಕ್ಕೆಂದೇ ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ಆಂಕಿ’ ಎಂಬ ಉಚಿತ ತಂತ್ರಾಂಶ 2006ರಲ್ಲಿ ಬಂತು. ಅದನ್ನು ಬರೆದ ಡೇಮಿಯನ್ ಎಲ್ಮ್ಸ್ ಜಪಾನಿ ಕಲಿಯುವ ಸಲುವಾಗಿಯೇ ಅದನ್ನು ಆರಂಭಿಸಿದ್ದು. ಹೆಸರೂ ಜಪಾನಿಯದೇ, ‘ಆಂಕಿ’ ಎಂದರೆ ಕಂಠಪಾಠ. ಜಪಾನ್ ಫೌಂಡೇಶನ್ 2016ರಲ್ಲಿ ತೆರೆದ ‘ಮಿನಾತೊ’ ಎಂಬ ಆನ್‌ಲೈನ್ ಕಲಿಕೆಯ ತಾಣದಲ್ಲಿ ಹಿರಾಗಾನ, ಕಾತಾಕಾನಗಳಿಗೆಂದೇ ಸ್ವಯಂ ಕಲಿಕೆಯ ಪಾಠಗಳಿವೆ. ಅಕ್ಷರವನ್ನು ಚಿತ್ರದೊಡನೆ ಬೆಸೆಯುವ ‘ಮೆಮೊರಿ ಹಿಂಟ್’ ಆ್ಯಪ್‌ಗಳನ್ನೂ ಅದೇ ಸಂಸ್ಥೆ ರೂಪಿಸಿದೆ.

ಚಿತ್ರದ ಬೆಸುಗೆ ಕಲಿಯುವವನ ಸ್ವಂತ ಭಾಷೆಯಲ್ಲಿದ್ದಷ್ಟೂ ಗಟ್ಟಿ. ಇಂಗ್ಲಿಷ್ ಪುಸ್ತಕಗಳ ಚಿತ್ರಗಳು ಇಂಗ್ಲಿಷ್ ಪದಗಳನ್ನು ನೆಚ್ಚಿಕೊಂಡಿರುತ್ತವೆ. ಕನ್ನಡಿಗರು ತಮ್ಮದೇ ಕಟ್ಟಿಕೊಳ್ಳಬಹುದು. ಹಿರಾಗಾನದ ‘ಕು’ ತೆರೆದ ಕೊಕ್ಕಿನಂತಿದೆ. ಕುಕ್ಕುವ ಹಕ್ಕಿ ಎಂದುಕೊಂಡರಾಯಿತು. ‘ಹೆ’ ತಗ್ಗಾದ ಗುಡ್ಡದಂತಿದೆ, ಹೆಬ್ಬೆಟ್ಟ. ‘ನೊ’ ಒಂದೇ ಸುತ್ತು. ನೊಣ ಸುತ್ತಿದ ಹಾದಿ. ‘ತೆ’ ಬಾಗಿದ ತೆನೆ. ‘ತ್ಸು’ ಮಾತ್ರ ಮಗುಚಿ ಬೀಳುವ ಅಲೆಯಂತಿದೆ. ಅದಕ್ಕೆ ಬೇರೆ ಕಥೆ ಬೇಡ, ಸುನಾಮಿಯೇ ಸಾಕು.

ಮೇಷ್ಟರ ಪಾಲು

ಇಷ್ಟಾದ ಮೇಲೆ ತರಗತಿಯಲ್ಲಿ ಉಳಿಯುವುದೇನು? ಎಲ್ಲಕ್ಕಿಂತ ಮೊದಲು ಕೈ. ಫ್ರಾನ್ಸಿನ ಮರೀಕ್ ಲಾಂಕಾಂಪ್ ಮತ್ತು ಸಂಗಡಿಗರು ವಯಸ್ಕರಿಗೆ ಅಪರಿಚಿತ ಲಿಪಿಯ ಅಕ್ಷರಗಳನ್ನು ಕೆಲವನ್ನು ಕೈಯಲ್ಲಿ ಬರೆಸಿ, ಕೆಲವನ್ನು ಕೀಲಿಮಣೆಯಲ್ಲಿ ಒತ್ತಿಸಿ ಕಲಿಸಿದರು. ದಿನ ಕಳೆದ ಮೇಲೆ, ಸರಿಯಾದ ಅಕ್ಷರವನ್ನು ಅದರ ಕನ್ನಡಿಬಿಂಬದಿಂದ ಬೇರ್ಪಡಿಸಿ ಗುರುತಿಸುವಲ್ಲಿ ಕೈಯಲ್ಲಿ ಬರೆದು ಕಲಿತದ್ದೇ ಮೇಲಾಯಿತು. 2006 ಮತ್ತು 2008ರಲ್ಲಿ ಈ ಸಂಶೋಧನೆಗಳು ಪ್ರಕಟವಾದವು. ಹಿರಾಗಾನದಲ್ಲಿ ‘ಸ’ ಮತ್ತು ‘ಚಿ’ ಬಹುಮಟ್ಟಿಗೆ ಒಂದರ ಕನ್ನಡಿಬಿಂಬ ಇನ್ನೊಂದು ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಮರಳ ಮೇಲೆ ಬೆರಳು ಹಿಡಿದು ತಿದ್ದಿಸುತ್ತಿದ್ದ ನಮ್ಮ ಕೂಲಿಮಠದ ಅಯ್ಯನವರು ಯಾವ ಪ್ರಯೋಗಾಲಯವನ್ನೂ ಕಂಡಿರಲಿಲ್ಲ. ಆದರೂ ಈ ಸತ್ಯವನ್ನು ಬಲ್ಲವರಾಗಿದ್ದರು.

ಕಾತಾಕಾನದಲ್ಲಂತೂ ಕೈಯಿಲ್ಲದೆ ಕಣ್ಣಿಗೆ ಗತಿಯಿಲ್ಲ. ‘ಶಿ’ ಮತ್ತು ‘ತ್ಸು’ ಎರಡರಲ್ಲೂ ಎರಡು ಗಿಡ್ಡ ಗೆರೆ, ಒಂದು ಉದ್ದ ಗೆರೆ. ಹೊಸಬರಿಗೆ ಎರಡೂ ಒಂದೇ. ಆದರೆ ‘ಶಿ’ಯ ಉದ್ದ ಗೆರೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ‘ತ್ಸು’ವಿನದು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ‘ನ್’ ಮತ್ತು ‘ಸೊ’ ಜೋಡಿಯಲ್ಲೂ ಇದೇ ವ್ಯತ್ಯಾಸ. ಗೆರೆಯ ದಿಕ್ಕನ್ನು ಒಮ್ಮೆ ಕೈ ಕಲಿತರೆ ಕಣ್ಣು ತಾನಾಗಿ ಕಲಿಯುತ್ತದೆ. ಗೆರೆ ಎಲ್ಲಿ ನಿಲ್ಲಬೇಕು, ಎಲ್ಲಿ ಕೊಕ್ಕೆಯಾಗಿ ಚಿಮ್ಮಬೇಕು, ಎಲ್ಲಿ ಬಾಲದಂತೆ ಜಾರಬೇಕು ಎಂಬುದಕ್ಕೆ ಜಪಾನಿ ಮೇಷ್ಟರಲ್ಲಿ ‘ತೊಮೆ, ಹಾನೆ, ಹಾರಾಯ್’ ಎಂಬ ಮೂರು ಮಾತುಗಳಿವೆ. ಪಕ್ಕದಲ್ಲಿ ನಿಂತು ತಿದ್ದುವ ಕಣ್ಣು ಬೇಕಾಗುವುದು ಇಲ್ಲಿ.

ಎರಡನೆಯದು ಕಿವಿ ಮತ್ತು ನಾಲಿಗೆ. ‘ಒಬಾಸಾನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ. ‘ಬಾ’ವನ್ನು ಎಳೆದು ಹೇಳಿದರೆ ಅಜ್ಜಿ. ‘ಬಿರು’ ಕಟ್ಟಡ, ‘ಬೀರು’ ಕುಡಿಯುವ ಬಿಯರು. ‘ಕಿತೆ’ ಎಂದರೆ ‘ಬಾ’, ‘ಕಿತ್ತೆ’ ಎಂದರೆ ಅಂಚೆಚೀಟಿ. ಇಂಗ್ಲಿಷರನ್ನು ತಿಂಗಳುಗಟ್ಟಲೆ ಕಾಡುವ ಈ ಹ್ರಸ್ವ, ದೀರ್ಘ, ದ್ವಿತ್ವಗಳ ಭೇದ ಕನ್ನಡಿಗರಿಗೆ ತಾಯಿಹಾಲಿನೊಡನೆ ಬಂದದ್ದು. ಬಳೆ, ಬಾಳೆ ಒಂದೇ ಎನ್ನುವ ಕನ್ನಡಿಗ ಉಂಟೇ? ಕಿವಿಗೆ ಬಂದದ್ದನ್ನು ಲಿಪಿಗೆ ಇಳಿಸುವ ಬಗೆಯನ್ನಷ್ಟೇ ಅವರು ಕಲಿಯಬೇಕು. ದ್ವಿತ್ವಕ್ಕೆ ಒತ್ತಕ್ಷರದ ಬದಲು ಮುಂಚೆ ಒಂದು ಪುಟ್ಟ ‘ತ್ಸು’. ಕಾತಾಕಾನದ ದೀರ್ಘಕ್ಕೆ ಒಂದು ಅಡ್ಡಗೆರೆ. ಕ ಅನ್ನು ಗ ಮಾಡಲು ಎರಡು ಚಿಕ್ಕ ಗೀಟು, ಹ ಅನ್ನು ಪ ಮಾಡಲು ಒಂದು ಸೊನ್ನೆ. ಆದರೆ ಕಳೆದುಕೊಳ್ಳುವುದೂ ಇದೆ. ರ, ಲ, ಳ ಮೂರಕ್ಕೂ ಅಲ್ಲಿ ಒಂದೇ ಸಾಲು. ಕಮಲಾ ಎಂಬಾಕೆ ಜಪಾನಿನಲ್ಲಿ ಕಾಮಾರಾ ಆಗಲು ಸಿದ್ಧಳಿರಬೇಕು.

ಮೂರನೆಯದು ಆಟ. ಜಪಾನಿ ಮನೆಗಳಲ್ಲಿ ಹೊಸ ವರ್ಷಕ್ಕೆ ಆಡುವ ‘ಕಾರುತಾ’ ಎಂಬ ಚೀಟಿಯಾಟವಿದೆ. ಒಬ್ಬರು ಓದುತ್ತಾರೆ, ಉಳಿದವರು ನೆಲದ ಮೇಲೆ ಹರಡಿದ ಚೀಟಿಗಳಲ್ಲಿ ಸರಿಯಾದ ಅಕ್ಷರವನ್ನು ಹುಡುಕಿ ಥಟ್ಟನೆ ಬಡಿದು ಎತ್ತಿಕೊಳ್ಳಬೇಕು. ಜಪಾನಿ ಕಲಿಸುವ ಮೇಷ್ಟರುಗಳಿಗೆ ಇದು ಅಚ್ಚುಮೆಚ್ಚು. ಮನೆಯಲ್ಲಿ ಮೊಬೈಲಿನ ಮುಂದೆ ಒಂಟಿಯಾಗಿ ಕಲಿತ ಅಕ್ಷರ, ಹತ್ತು ಜನರ ನಗುವಿನ ನಡುವೆ ಕೈಗೆ ಸಿಕ್ಕಾಗ ಮರೆಯುವುದಿಲ್ಲ.

ಮೂರು ವಾರದ ಲೆಕ್ಕ

ಇವನ್ನೆಲ್ಲ ಕೂಡಿಸಿ ಒಂದು ಕ್ರಮ ಹಾಕಿಕೊಳ್ಳುವುದು ಕಷ್ಟವಲ್ಲ. ದಿನಕ್ಕೆ ಐದೇ ಹೊಸ ಅಕ್ಷರ, ಅಂದರೆ ಕೋಷ್ಟಕದ ಒಂದು ಸಾಲು. ಬೆಳಿಗ್ಗೆ ಹತ್ತು ನಿಮಿಷ ಮೊಬೈಲಿನಲ್ಲಿ ಚಿತ್ರ ಮತ್ತು ಧ್ವನಿ. ಸಂಜೆ ಹತ್ತು ನಿಮಿಷ ಹಳೆಯ ಅಕ್ಷರಗಳ ಮರುಪರೀಕ್ಷೆ. ಮಧ್ಯೆ ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಒಂದೊಂದನ್ನೂ ಐದಾರು ಸಲ, ಕೊನೆಯ ಸಲ ಮಾತ್ರ ಮಾದರಿಯನ್ನು ಮುಚ್ಚಿ. ವಾರಕ್ಕೆರಡು ತರಗತಿ, ಅಲ್ಲಿ ತಿದ್ದುವಿಕೆ, ಉಕ್ತಲೇಖನ, ಕಾರುತಾ. ಹತ್ತು ದಿನಕ್ಕೆ ಹಿರಾಗಾನ, ಮುಂದಿನ ಹತ್ತು ದಿನಕ್ಕೆ ಕಾತಾಕಾನ. ಮೊದಲ ದಿನದಿಂದಲೇ ಕಲಿತಷ್ಟು ಅಕ್ಷರಗಳಲ್ಲಿ ನಿಜವಾದ ಪದಗಳನ್ನು ಓದಬೇಕು. ಅ ಸಾಲು, ಕ ಸಾಲು ಬಂದರೆ ಸಾಕು, ‘ಅಕಯ್’ ಎಂದರೆ ಕೆಂಪು, ‘ಅಒಯ್’ ಎಂದರೆ ನೀಲಿ, ‘ಎಕಿ’ ಎಂದರೆ ರೈಲು ನಿಲ್ದಾಣ. ತನ್ನ ಹೆಸರನ್ನು ತಾನೇ ಕಾತಾಕಾನದಲ್ಲಿ ಬರೆದ ದಿನ ಕಲಿಯುವವನ ಮುಖ ನೋಡಬೇಕು.

ಹಾಗೆಂದು ಮಿಶ್ರ ಕಲಿಕೆ ಮಂತ್ರದಂಡವೇನಲ್ಲ. ಅಮೆರಿಕದ ಶಿಕ್ಷಣ ಇಲಾಖೆ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ವರದಿಯೊಂದನ್ನು ಹೊರತಂದು 2010ರಲ್ಲಿ ಪರಿಷ್ಕರಿಸಿತು. ಬರೀ ಮುಖಾಮುಖಿ ಪಾಠಕ್ಕಿಂತ ಮಿಶ್ರ ಕಲಿಕೆಯ ಫಲಿತಾಂಶ ಮೇಲಿದೆ ಎಂದು ಅದು ಕಂಡುಕೊಂಡಿತು. ಆದರೆ ಜೊತೆಗೇ ಎಚ್ಚರಿಸಿತು: ಮಿಶ್ರ ಕಲಿಕೆಯವರಿಗೆ ಅನೇಕ ಕಡೆ ಹೆಚ್ಚು ಸಮಯವೂ ಹೆಚ್ಚು ಸಾಮಗ್ರಿಯೂ ಸಿಕ್ಕಿತ್ತು, ಗೆಲುವಿನ ಕೀರ್ತಿಯನ್ನು ಯಂತ್ರವೊಂದಕ್ಕೇ ಕಟ್ಟುವಂತಿಲ್ಲ. ಮೇಷ್ಟರ ಸಂಬಳ ಉಳಿಸಲು ಮೊಬೈಲು ತಂದವರು ಈ ಸಾಲನ್ನು ಎರಡು ಸಲ ಓದಬೇಕು. ಮೇಷ್ಟರ ಸಮಯವನ್ನು ಕತ್ತರಿಸಿದರೆ ಅದು ಮಿಶ್ರಣವಲ್ಲ, ಕಲಬೆರಕೆ.

ಇನ್ನೊಂದು ಅಪಾಯ ಪರೀಕ್ಷೆಯದು. 1984ರಿಂದ ನಡೆಯುತ್ತಿರುವ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ ಬೆಂಗಳೂರಿನಲ್ಲೂ ನಡೆಯುತ್ತದೆ. ಅದರ ಅತಿ ಕೆಳಗಿನ ಮೆಟ್ಟಿಲಾದ ಎನ್-5ಕ್ಕೂ ಎರಡೂ ಕಾನಗಳು ಬೇಕೇಬೇಕು. ಆದರೆ ಉತ್ತರವೆಲ್ಲ ಆಯ್ಕೆಯ ಗುರುತು ಹಾಕುವುದು. ಕೈಯಲ್ಲಿ ಬರೆಯುವ ಪ್ರಶ್ನೆಯಿಲ್ಲ. ಪರೀಕ್ಷೆಯಲ್ಲಿ ಕೇಳದ ಮೇಲೆ ಬರೆಯುವುದೇಕೆ ಎಂದು ಕೇಳುವ ವಿದ್ಯಾರ್ಥಿಗಳಿದ್ದಾರೆ. ಅವರ ಪ್ರಶ್ನೆಗೆ ಉತ್ತರ ಜಪಾನಿಗೆ ಹೋದ ಮೇಲೆ ಸಿಗುತ್ತದೆ. ನಗರಸಭೆಯ ಕಚೇರಿ, ಬ್ಯಾಂಕು, ಆಸ್ಪತ್ರೆಗಳ ಅರ್ಜಿಗಳಲ್ಲಿ ಹೆಸರಿನ ಪಕ್ಕ ಅದರ ಉಚ್ಚಾರಣೆಯನ್ನು ಕಾನದಲ್ಲಿ ತುಂಬುವ ಖಾನೆಯೊಂದು ಕಾದಿರುತ್ತದೆ.

ಹೋಗುವವರ ಸಂಖ್ಯೆಯೂ ಬಗೆಯೂ ಬದಲಾಗುತ್ತಿದೆ. ಮೊದಲೆಲ್ಲ ಜಪಾನಿ ಕಲಿಯುವವರೆಂದರೆ ಎಂಜಿನಿಯರುಗಳು, ಭಾಷಾಂತರಕಾರರು, ಬಿಡದಿಯ ಟೊಯೊಟಾ ಕಿರ್ಲೋಸ್ಕರ್‌ನಂಥ ಕಾರ್ಖಾನೆಗಳಲ್ಲಿ ಜಪಾನೀಯರೊಡನೆ ದುಡಿಯುವವರು. 2019ರಲ್ಲಿ ಜಪಾನ್ ‘ನಿರ್ದಿಷ್ಟ ಕುಶಲ ಕಾರ್ಮಿಕ’ ಎಂಬ ಹೊಸ ವೀಸಾ ತೆರೆಯಿತು. 2021ರ ಜನವರಿಯಲ್ಲಿ ಭಾರತ ಈ ಕುರಿತ ಒಡಂಬಡಿಕೆಗೆ ಸಹಿ ಹಾಕಿತು. ವೃದ್ಧರ ಆರೈಕೆ, ಕಟ್ಟಡ ಕೆಲಸ, ಕೃಷಿ ಮುಂತಾದ ಕಸುಬುಗಳಿಗೆ ಹೋಗುವ ಇವರಿಗೆ ಭಾಷೆ ಅಲಂಕಾರವಲ್ಲ. ಹಾಸಿಗೆ ಹಿಡಿದ ಅಜ್ಜಿಯ ಔಷಧಿ ಪೊಟ್ಟಣದ ಮೇಲಿನ ಸೂಚನೆ, ಯಂತ್ರಕ್ಕೆ ತೂಗುಹಾಕಿದ ಅಪಾಯದ ಫಲಕ, ಇವನ್ನು ಓದಲು ಬಾರದಿದ್ದರೆ ನಷ್ಟ ಅಂಕದಲ್ಲಿ ಮುಗಿಯುವುದಿಲ್ಲ.

ಸಾವಿರ ವರ್ಷದ ಹಿಂದೆ ಜಪಾನಿನ ಪಂಡಿತರು ಚೀನೀ ಲಿಪಿಯಲ್ಲಿ ಬರೆದು ಬೀಗುತ್ತಿದ್ದಾಗ ಹಿರಾಗಾನಕ್ಕೆ ‘ಹೆಂಗಸರ ಕೈ’ ಎಂಬ ಹೆಸರಿತ್ತು. ಆ ಹೆಂಗಸರ ಕೈಯಿಂದಲೇ ಹನ್ನೊಂದನೇ ಶತಮಾನದ ಆರಂಭದಲ್ಲಿ ಮುರಾಸಾಕಿ ಶಿಕಿಬು ‘ಗೆಂಜಿಯ ಕಥೆ’ ಬರೆದಳು. ಅಂದು ದೊಡ್ಡವರ ಓದಿನಿಂದ ಹೊರಗುಳಿದವರಿಗೆ ಬಾಗಿಲು ತೆರೆದ ಲಿಪಿ ಇಂದು ಹೊರಗಿನಿಂದ ಬಂದವರಿಗೆ ಬಾಗಿಲು ತೆರೆಯುತ್ತಿದೆ. ಅದಕ್ಕೆ ಬೇಕಾದದ್ದು ಮೂರು ವಾರ, ಒಂದು ಪೆನ್ಸಿಲು, ಒಂದು ಮೊಬೈಲು ಮತ್ತು ತಪ್ಪಿದಾಗ ಬೆರಳು ಹಿಡಿದು ತಿದ್ದುವ ಒಬ್ಬ ಮೇಷ್ಟ್ರು.

ಅಲೆ ಬರುವ ಹೊತ್ತಿಗೆ ನಿಘಂಟು ತೆರೆಯಲು ಪುರುಸೊತ್ತಿರುವುದಿಲ್ಲ. ಪರದೆಯ ಮೇಲಿನ ಆರು ಅಕ್ಷರ ಕಣ್ಣಿಗೆ ಬಿದ್ದ ಕೂಡಲೇ ಕಾಲು ಓಡಬೇಕು.